ನಡುವಿನ ಮೊಗ್ಗು

ಫೆಬ್ರವರಿ 6

ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಎಂದು ತಮ್ಮ ಫೋನಿನಲ್ಲಿ ಹೇಳಿದ. ನಿಮ್ಮ ಕಿವಿ ಇನ್ನಷ್ಟು ಮಂದವಾಗಿದೆ, ಫೋನು ಕೈಗೆ ಕೊಟ್ಟರೆ "ಹಾಂ, ಹಾಂ" ಎಂದು ಅವನಿಗೇ ವಾಪಸು ಕೊಡುತ್ತೀರಿ ಎಂದೂ ಹೇಳಿದ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಗಾಬರಿಯಾಗಬೇಡಿ, ಕೆಟ್ಟ ಸುದ್ದಿ ಏನೂ ಇಲ್ಲ. ಒಂದು ಗಿಡದ ವಿಷಯ ಕೇಳಬೇಕಿತ್ತು.

ನಮ್ಮ ಆಸ್ಪತ್ರೆಯ ಮೂರನೇ ವಾರ್ಡಿನ ಸಿಸ್ಟರ್ ನಿವೃತ್ತರಾದರು. ಹೋಗುವ ದಿನ ಲಾಂಡ್ರಿಯ ಬಾಗಿಲಿಗೆ ಬಂದು, "ಇಪ್ಪತ್ತು ವರ್ಷ ನೀನು ಕಳಿಸಿದ ಬೆಡ್‌ಶೀಟಲ್ಲಿ ಒಂದೇ ಒಂದು ಕಲೆ ಕಾಣ್ಲಿಲ್ಲ ಕಣೆ. ಇದನ್ನ ನೀನೇ ಇಟ್ಕೋ" ಎಂದು ಒಂದು ಕುಂಡ ಕೊಟ್ಟರು. ಕುಂಡದಲ್ಲಿರುವುದು ನಾಲ್ಕು ಒಣ ಕಡ್ಡಿ, ಮೈತುಂಬ ಮುಳ್ಳು. ಕಟ್ಟಿದ್ದ ಚೀಟಿಯಲ್ಲಿ 'ಫ್ಲೋರಿಬಂಡಾ' ಎಂದಿದೆ, ಉಳಿದ ಹೆಸರು ನೀರಿಗೆ ಅಳಿಸಿಹೋಗಿದೆ. ಆ ಪದ ಓದಿದ ಕೂಡಲೇ ನಿಮ್ಮ ನೆನಪಾಯಿತು. ಮನೆಯಲ್ಲಿದ್ದ ಹದಿನಾರು ವರ್ಷವೂ ಊಟದ ಹೊತ್ತಿಗೆ ನೀವು ಆಡುತ್ತಿದ್ದ ಪದ ಅದು. ಗೊಂಚಲು ಗೊಂಚಲಾಗಿ ಹೂ ಬಿಡುವ ಗುಲಾಬಿ, ಅಷ್ಟು ಗೊತ್ತು. ಬೇರೇನೂ ಗೊತ್ತಿಲ್ಲ.

ನನ್ನ ಬಾಡಿಗೆ ಮನೆಯ ಹಿಂದೆ ಎರಡು ಬೆಡ್‌ಶೀಟು ಹಾಸುವಷ್ಟು ಮಣ್ಣಿದೆ. ಅಲ್ಲಿ ನೆಡಬಹುದೇ? ಗಿಡ ಬದುಕಿದೆಯೋ ಸತ್ತಿದೆಯೋ ತಿಳಿಯುವುದು ಹೇಗೆ?

ಊರಿಗೆ ಯಾವಾಗ ಬರುತ್ತೀ ಎಂದು ಮಾತ್ರ ಕೇಳಬೇಡಿ. ಗಿಡದ ವಿಷಯ ಬರೆಯಿರಿ, ಸಾಕು.

ದೊಡ್ಡವಳು


ಫೆಬ್ರವರಿ 12

ದೊಡ್ಡವಳಿಗೆ,

ನಿನ್ನ ಕಾಗದ ಬಂದ ದಿನ ನಾನು ಚಪ್ಪಲಿ ಅದಲು ಬದಲು ಹಾಕಿಕೊಂಡು ಇಡೀ ತೋಟ ಸುತ್ತಿದೆನಂತೆ. ಚಿಕ್ಕವನು ನಗುತ್ತಿದ್ದ. ನಗಲಿ.

ಊರಿಗೆ ಯಾವಾಗ ಬರುತ್ತೀ ಎಂದು ಕೇಳುವುದಿಲ್ಲ. ನೀನು ಬಂದು ಒಂಬತ್ತು ವರ್ಷವಾಯಿತು ಎಂದು ಹೇಳುತ್ತೇನೆ. ಅದು ಪ್ರಶ್ನೆಯಲ್ಲ.

ಈಗ ಗಿಡ. ಉಗುರಿನಿಂದ ತೊಗಟೆಯನ್ನು ಒಂಚೂರು ಗೀರಿ ನೋಡು. ಒಳಗೆ ಹಸಿರಿದ್ದರೆ ಜೀವವಿದೆ. ಕಂದಾಗಿದ್ದರೆ, ಹಸಿರು ಸಿಗುವ ತನಕ ಮೇಲಿನಿಂದ ಕತ್ತರಿಸುತ್ತಾ ಕೆಳಗೆ ಬಾ. ಬೆಳಿಗ್ಗೆಯ ಬಿಸಿಲು ಬೀಳುವ ಕಡೆ, ಮೊಣಕೈ ಆಳದ ಗುಂಡಿ ತೋಡಿ ನೆಡು. ಬುಡದಲ್ಲಿ ಒಂದು ಗಂಟು ಕಾಣುತ್ತದೆ, ಅದು ಕಸಿ ಕಟ್ಟಿದ ಜಾಗ. ಅದರ ಕೆಳಗಿನಿಂದ ಏನೇ ಚಿಗುರಿದರೂ ಅದು ಕಾಡು ಗುಲಾಬಿ, ಬುಡಸಮೇತ ಕಿತ್ತುಹಾಕು.

ಆಮೇಲೆ ಸವರುವುದು, ಅಂದರೆ ಕಡ್ಡಿ ಕತ್ತರಿಸಿ ಗಿಡ ತಿದ್ದುವುದು. ಕಡ್ಡಿಯ ಮೇಲೆ ಸಣ್ಣ ಸಣ್ಣ ಗುಳ್ಳೆಗಳಿವೆಯಲ್ಲ, ಅವು ಕಣ್ಣುಗಳು. ಗಿಡದ ಹೊರಗಡೆ ನೋಡುತ್ತಿರುವ ಕಣ್ಣು ಹುಡುಕಿ, ಅದಕ್ಕಿಂತ ಕಾಲು ಅಂಗುಲ ಮೇಲೆ, ನೀರು ಕಣ್ಣಿಗೆ ಇಳಿಯದ ಹಾಗೆ ಓರೆಯಾಗಿ ಕತ್ತರಿಸು. ಮೊಣಕಾಲಿಗಿಂತ ಎತ್ತರ ಏನೂ ಉಳಿಯಬಾರದು. ಕೈ ನಡುಗಬಾರದು. ಸವರುವವನು ಅಯ್ಯೋ ಪಾಪ ಎಂದರೆ ಗಿಡ ಕೆಟ್ಟಿತು ಎಂದೇ ಲೆಕ್ಕ. ಪಾರ್ಕಿನಲ್ಲಿ ಮಾಲಿಯಾಗಿ ನಲವತ್ತು ವರ್ಷ ನಾನು ಇದನ್ನೇ ಹೇಳಿದ್ದು.

ನನ್ನ ಬಲಗೈ ಹೆಬ್ಬೆರಳಿನ ಉಗುರು ನೆನಪಿದೆಯಾ? ಇನ್ನೂ ಹಾಗೇ ಉದ್ದ ಬಿಟ್ಟಿದ್ದೇನೆ, ಅಂಚು ಹಸಿರುಗಟ್ಟಿದೆ. "ಆ ಉಗುರು ತಟ್ಟೆಗೆ ತಾಗಿಸ್ಬೇಡಿ" ಎಂದು ನಿಮ್ಮಮ್ಮ ಗದರುತ್ತಿದ್ದಳು. ಅದರ ಕೆಲಸ ಇನ್ನೆರಡು ತಿಂಗಳಲ್ಲಿ ಬರುತ್ತದೆ. ಆಗ ಹೇಳಿಕೊಡುತ್ತೇನೆ.

ನಿನ್ನ ಅಪ್ಪ


ಮಾರ್ಚ್ 18

ಅಪ್ಪನಿಗೆ,

ಬದುಕಿದೆ.

ನೀವು ಹೇಳಿದ ಹಾಗೆಯೇ ಕತ್ತರಿಸಿದೆ. ಹರಿದ ಚಾದರ ಕತ್ತರಿಸಲು ನಮ್ಮಲ್ಲಿ ದೊಡ್ಡ ಕತ್ತರಿಯಿದೆ, ಅದನ್ನೇ ಕೇಳಿ ತಂದೆ. ಅಯ್ಯೋ ಪಾಪ ಎಂದೆ, ಸುಳ್ಳು ಹೇಳುವುದಿಲ್ಲ. ಕತ್ತರಿಸಿದ ಮೇಲೆ ಮಣ್ಣಿನಲ್ಲಿ ಉಳಿದದ್ದು ನಾಲ್ಕು ಗೂಟ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಯಾಕ್ರೀ, ಬೇಲಿ ಹಾಕ್ತಿದ್ದೀರಾ?" ಎಂದರು.

ಮೂರು ವಾರ ಏನೂ ಇರಲಿಲ್ಲ. ನಾನು ದಿನಾ ಕೆಲಸಕ್ಕೆ ಹೋಗುವ ಮುಂಚೆ ಕುಕ್ಕರಗಾಲಿನಲ್ಲಿ ಕೂತು ಕಣ್ಣುಗಳನ್ನು ನೋಡುತ್ತಿದ್ದೆ. ಹೋದ ಸೋಮವಾರ ಒಂದು ಕಣ್ಣು ಉಬ್ಬಿತ್ತು. ಬುಧವಾರ ಸೀಳಿತ್ತು. ಒಳಗಿನಿಂದ ಹಸಿರು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಕೆಂಪು! ಕಡುಗೆಂಪು, ನುಣ್ಣಗೆ, ಎಣ್ಣೆ ಸವರಿದ ಹಾಗೆ ಹೊಳೆಯುವ ಎಲೆ. ಸತ್ತ ಕಡ್ಡಿಯ ಒಳಗೆ ಅಷ್ಟು ಬಣ್ಣ ಎಲ್ಲಿತ್ತು ಅಪ್ಪ? ಯಾರಾದರೂ ಹೊರಗಿನಿಂದ ತಂದು ತುರುಕಿದರೋ ಎನ್ನುವ ಹಾಗಿತ್ತು. ಅದನ್ನು ನೋಡುತ್ತಾ ಕೂತು ಕೆಲಸಕ್ಕೆ ತಡವಾಗಿ ಹೋದೆ. ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ. ಮೇಲ್ವಿಚಾರಕಿ ಗಡಿಯಾರ ನೋಡಿ, ನನ್ನ ಮುಖ ನೋಡಿ, ಗಡಿಯಾರವೇ ಕೆಟ್ಟಿದೆ ಎಂದುಕೊಂಡರು.

ಈಗ ಹದಿನಾಲ್ಕು ಚಿಗುರು. ಕೆಳಗಿನವು ಆಗಲೇ ಹಸಿರಿಗೆ ತಿರುಗುತ್ತಿವೆ. ಇದನ್ನು ನೀವು ಪ್ರತಿ ವರ್ಷ ನೋಡುತ್ತೀರಿ. ಮನೆಯಲ್ಲಿ ಇದ್ದಾಗ ನಾನು ಯಾಕೆ ನೋಡಲಿಲ್ಲವೋ ತಿಳಿಯದು. ಸಣ್ಣವರ ಮೂಗು ಒರೆಸುತ್ತಿದ್ದೆ ಅನಿಸುತ್ತದೆ.

ದೊಡ್ಡವಳು


ಮಾರ್ಚ್ 26

ದೊಡ್ಡವಳಿಗೆ,

ಹದಿನಾಲ್ಕು ಚಿಗುರು ಎಂದರೆ ನಿನ್ನದು ಒಳ್ಳೆಯ ಕೈ. ನಿನ್ನ ತಮ್ಮಂದಿರಿಗೂ ತಂಗಿಗೂ ಆ ಕೈ ಇಲ್ಲ. ಸೇತುವೆ ಕಟ್ಟುವವನು ಒಮ್ಮೆ ನನ್ನ ಗಿಡಕ್ಕೆ ನೀರು ಹಾಕಿದ್ದ, ಅಡಿಪಾಯಕ್ಕೆ ಕಾಂಕ್ರೀಟು ಸುರಿದ ಹಾಗೆ ಸುರಿದ.

ಈಗ ಮುಖ್ಯವಾದ ಮಾತು. ಸರಿಯಾಗಿ ಓದಿಕೋ.

ಇನ್ನು ಕೆಲವು ದಿನಕ್ಕೆ ಪ್ರತಿ ಚಿಗುರಿನ ತುದಿಯಲ್ಲಿ ಮೊಗ್ಗಿನ ಗುಂಪು ಬರುತ್ತದೆ. ನಡುವೆ ಒಂದು, ಸುತ್ತ ಆರೋ ಏಳೋ. ನಡುವಿನದು ಎಲ್ಲಕ್ಕಿಂತ ಮೊದಲು ಹುಟ್ಟಿದ್ದು, ಗಿಡ ಎಲ್ಲಕ್ಕಿಂತ ಮೊದಲು ಊಟ ಕೊಡುವುದೂ ಅದಕ್ಕೇ. ಬಿಟ್ಟರೆ ಅದೊಂದೇ ಮುಂಚೆ ಅರಳಿ, ಮುಂಚೆ ಬಾಡುತ್ತದೆ. ಉಳಿದವು ಅರಳುವ ಹೊತ್ತಿಗೆ ನಡುವೆ ಒಂದು ಮುದಿ ಹೂ ಕೂತು ಗೊಂಚಲಿನ ಅಂದ ಕೆಡಿಸುತ್ತದೆ. ಅದಕ್ಕೇ, ಅದು ಮೆಣಸಿನ ಕಾಳಿನಷ್ಟಿರುವಾಗಲೇ ಹೆಬ್ಬೆರಳಿನ ಉಗುರು ಕೊಟ್ಟು ಚಿವುಟಿಬಿಡಬೇಕು. ಅದಕ್ಕೇನೂ ನೋವಾಗುವುದಿಲ್ಲ, ಅದಿನ್ನೂ ಮೆಣಸಿನ ಕಾಳು. ಒಂದನ್ನು ತೆಗೆದರೆ ಉಳಿದವೆಲ್ಲ ಒಟ್ಟಿಗೆ, ಒಂದೇ ದಿನ, ಒಂದೇ ಬಣ್ಣದಲ್ಲಿ ಅರಳುತ್ತವೆ. ಆ ದಿನ ನೋಡಬೇಕು ನೀನು!

ಸೆಪ್ಟೆಂಬರ್‌ನ ಪುಷ್ಪ ಪ್ರದರ್ಶನದಲ್ಲಿ ಗೊಂಚಲು ಗುಲಾಬಿಗೆ ಕೊಡುವ ಬಹುಮಾನದ ಕಪ್ ಹನ್ನೊಂದು ಸಲ ನನಗೆ ಬಂದಿದೆ. ಗುಟ್ಟು ಇದೊಂದೇ. ಈಗ ನಿನಗೂ ಹೇಳಿದ್ದೇನೆ. ಯಾರಿಗೂ ಹೇಳಬೇಡ.

ನಿನ್ನ ಅಪ್ಪ


ಏಪ್ರಿಲ್ 24

ಅಪ್ಪನಿಗೆ,

ಚಿವುಟಲಿಲ್ಲ.

ನೀವು ಹೇಳಿದ ಹೊತ್ತಿಗೇ ಕೂತೆ. ಬೆರಳು ಇಟ್ಟೆ. ನನ್ನ ಉಗುರು ನೀವು ನೋಡಿಲ್ಲ. ಇಷ್ಟು ವರ್ಷ ಸೋಡಾ, ಬಿಸಿನೀರು, ಹಬೆ. ಬೆರಳ ತುದಿ ದಾಟಿ ಬೆಳೆಯುವುದೇ ಇಲ್ಲ. ಮೊಗ್ಗು ಜಾರಿತು. ಮಾರನೇ ದಿನ ವಾರ್ಡಿನಿಂದ ಚಿಮುಟ ಕೇಳಿ ತಂದೆ. ಆಗಲೂ ಆಗಲಿಲ್ಲ. ಆ ಸಲ ತಪ್ಪು ಉಗುರಿನದಲ್ಲ.

ಹಾಗಾಗಿ ಅದು ಅರಳಿತು. ಹದಿನಾಲ್ಕನೇ ತಾರೀಖು ಬೆಳಿಗ್ಗೆ. ಹಳದಿ. ಬರೀ ಒಂದು ಹೂವು, ಸುತ್ತ ಬಾಯಿ ಬಿಡದ ಏಳು ಮೊಗ್ಗು. ಚೆಂದವಿತ್ತು, ಆದರೆ ನಾನು ಬರೆಯಲು ಕೂತದ್ದು ಅದಕ್ಕಲ್ಲ. ಮೂರನೇ ದಿನ ಅದರ ಅಂಚು ಗುಲಾಬಿಯಾಗಿತ್ತು. ಕಣ್ಣಿನ ದೋಷ ಎಂದುಕೊಂಡೆ. ಐದನೇ ದಿನ ಪೂರ್ತಿ ಗುಲಾಬಿ. ಎಂಟನೇ ದಿನ ಕೆಂಪು! ಅಷ್ಟು ಹೊತ್ತಿಗೆ ಸುತ್ತಲಿನವು ಒಂದೊಂದಾಗಿ ಹಳದಿ ಬಿರಿಯತೊಡಗಿದ್ದವು.

ಅಪ್ಪ, ನಾನು ಬಣ್ಣ ಹೋಗುವುದನ್ನು ನೋಡುತ್ತಾ ಬದುಕಿದವಳು. ನೀಲಿ ಪರದೆ ಬೂದು ಬಣ್ಣಕ್ಕೆ ಇಳಿಯುತ್ತದೆ, ಹಸಿರು ಅಂಗಿ ಮಂಕಾಗುತ್ತದೆ. ಬಿಸಿಲಿಗೆ ಹಾಕಿದ್ದು ಮಾಸಬೇಕು, ಅದು ನನಗೆ ಗೊತ್ತಿರುವ ಒಂದೇ ನಿಯಮ. ಇದು ಬಿಸಿಲಿನಲ್ಲಿ ನಿಂತು ಬಣ್ಣ ಪಡೆಯುತ್ತದೆ. ವಯಸ್ಸಾದಷ್ಟೂ ಗಾಢವಾಗುತ್ತದೆ. ಹೀಗೂ ಆಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಭಾನುವಾರ ನಮ್ಮ ಲಾಂಡ್ರಿಯ ಆರು ಜನ ನೋಡಲು ಬಂದರು. ಬಾಯ್ಲರಿನವರು ಯಾವುದಕ್ಕೂ ಬಾಯಿ ಬಿಡದ ಮನುಷ್ಯ. ಗಿಡದ ಮುಂದೆ ಟೋಪಿ ತೆಗೆದು ನಿಂತರು. "ಅಕ್ಕಾ, ಇದಕ್ಕೆ ಬಣ್ಣ ಹಾಕ್ದೋರು ಯಾರು?" ಎಂದರು. ಯಾರೂ ನಗಲಿಲ್ಲ.

ದೊಡ್ಡವಳು


ಮೇ 1

ದೊಡ್ಡವಳಿಗೆ,

ನಿನ್ನದು ಬಣ್ಣ ಬದಲಿಸುವ ಜಾತಿ. ನನ್ನ ಇಪ್ಪತ್ತೆರಡು ಗಿಡಗಳಲ್ಲಿ ಹಿತ್ತಿಲ ಗೋಡೆಯ ಪಕ್ಕದ್ದು ಅದೇ. ನಾನು ಕಪ್ ಗೆಲ್ಲುವುದೂ ಅದರಿಂದಲೇ, ಎಲ್ಲ ಹೂವೂ ಹಳದಿಯಿರುವ ದಿನವೇ ಕತ್ತರಿಸಿ ಒಯ್ದು.

ನೀನು ಗೊಂಚಲು ಹಾಳು ಮಾಡಿಕೊಂಡೆ. ನಡುವೆ ಕೆಂಪು, ಸುತ್ತ ಹಳದಿ ಎಂದರೆ ಏನದು, ಒಂದು ತೊಟ್ಟಿನ ಮೇಲೆ ನೂರು ತೇಪೆ? ಬೇರೆಯವರ ತೋಟದಲ್ಲಿ ಅಂಥದ್ದು ಕಂಡರೆ ಸೋಮಾರಿಗಳು ಎಂದು ನಾನು ಆ ಕಡೆ ತಿರುಗಿಯೂ ನೋಡುವುದಿಲ್ಲ. ಒಂದು ಮೊಗ್ಗಿನ ಮುಖ ನೋಡಿದರೆ ಏಳು ಕೆಡುತ್ತವೆ. ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಮ್ಮ. ಮಾಡುವವನಿಗೂ ಖುಷಿಯೇನಲ್ಲ, ಆದರೆ ಒಟ್ಟು ಗಿಡದ ಹಿತ ನೋಡಬೇಕು.

ಬಾಡಿದ ಹೂಗಳನ್ನು, ಒಂದೇ ತೊಟ್ಟಿಗೆ ಐದು ಎಲೆ ಕೂಡಿರುವ ಗರಿ ಸಿಗುವ ತನಕ ಕತ್ತರಿಸು, ಮತ್ತೆ ಚಿಗುರುತ್ತದೆ. ಮುಂದಿನ ಸಲ ಚಿವುಟು.

ನಿನ್ನ ಅಪ್ಪ


ಮೇ 9

ಅಪ್ಪನಿಗೆ,

ನಿಮ್ಮ ಕೊನೆಯ ಎರಡು ಕಾಗದಗಳನ್ನೂ ಪಕ್ಕಪಕ್ಕ ಇಟ್ಟು ಓದಿದೆ. 'ಒಂದನ್ನು ತೆಗೆದರೆ ಉಳಿದವೆಲ್ಲ ಒಟ್ಟಿಗೆ ಅರಳುತ್ತವೆ. ಅದಕ್ಕೇನೂ ನೋವಾಗುವುದಿಲ್ಲ, ಅದಿನ್ನೂ ಮೆಣಸಿನ ಕಾಳು.'

ನನಗೆ ಹದಿನಾರು ತುಂಬಿತ್ತು. ಮೆಣಸಿನ ಕಾಳಾಗಿರಲಿಲ್ಲ.

ಅಮ್ಮ ಹೋಗಿ ಒಂದು ತಿಂಗಳು. ಶಾಲೆಯ ಕೊನೆಯ ಪರೀಕ್ಷೆಗೆ ಆರು ವಾರ. ಅತ್ತೆ ಬಂದು, ತಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಒಂದು ಜಾಗ ಖಾಲಿಯಿದೆ ಎಂದರು. "ಎರಡು ವರ್ಷ ಅಷ್ಟೇ ದೊಡ್ಡವಳೇ, ಸಣ್ಣವರು ಒಂದು ದಡ ಸೇರ್ಲಿ" ಎಂದಿರಿ ನೀವು. ಸೋಮವಾರ ನಾನು ಹೊರಟೆ. ಮೂವರೂ ಓದಿದರು, ಮೂವರೂ ಅರಳಿದರು. ನನಗೆ ಹೊಟ್ಟೆಕಿಚ್ಚಿಲ್ಲ. ಅವರನ್ನು ಕಂಡರೆ ಹೆಮ್ಮೆಯೇ.

ಯಾವಾಗ ಬರುತ್ತೀ ಎಂದು ಪ್ರತಿ ವರ್ಷ ಕೇಳಿದಿರಿ. ಯಾಕೆ ಬರುವುದಿಲ್ಲ ಎಂದು ಒಂದು ಸಲವೂ ಕೇಳಲಿಲ್ಲ. ಇವತ್ತು ನಾನೇ ಹೇಳುತ್ತೇನೆ. ಒಂಬತ್ತು ವರ್ಷದ ಹಿಂದೆ, ನಿಮ್ಮ ನಿವೃತ್ತಿಯ ದಿನ ಮನೆ ತುಂಬ ಜನ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪರಿಚಯ ಮಾಡಿಸಿದಿರಿ. "ಇವನು ಸೇತುವೆ ಕಟ್ತಾನೆ. ಇವಳು ಕಾಲೇಜಲ್ಲಿ ಪಾಠ ಹೇಳ್ತಾಳೆ. ಚಿಕ್ಕವನು ಔಷಧಿ ಓದಿದ್ದಾನೆ." ನನ್ನ ಹತ್ತಿರ ಬಂದಾಗ, "ಇವಳು ದೊಡ್ಡವಳು" ಎಂದಿರಿ. ಅಲ್ಲಿಗೆ ನಿಲ್ಲಿಸಿದಿರಿ. ಬಂದವರು ಇನ್ನೂ ಏನೋ ಹೇಳುತ್ತೀರೆಂದು ನಿಮ್ಮ ಮುಖ ನೋಡುತ್ತಿದ್ದರು. ನಾನು ಒಳಗೆ ಹೋಗಿ ಎಲ್ಲರ ಲೋಟ ತೊಳೆದೆ.

ನೀವು ನನ್ನನ್ನು ಚಿವುಟಿದಿರಿ ಎನ್ನುವುದಕ್ಕಿಂತ, ಚಿವುಟಿದ ಜಾಗದಲ್ಲಿ ಏನಿತ್ತು ಎಂದು ನಿಮಗೆ ನೆನಪೇ ಇಲ್ಲ ಎನ್ನುವುದು ನನಗೆ ನೋವು.

ಮುಂದಿನ ಸಲವೂ ಚಿವುಟುವುದಿಲ್ಲ.

ನಿಮ್ಮ ಮಗಳು


ಜೂನ್ 16

ಅಪ್ಪನಿಗೆ,

ಉತ್ತರ ಬರಲಿಲ್ಲ. ಬರೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಎಲೆಗಳ ಮೇಲೆ ಕಪ್ಪು ಚುಕ್ಕೆ ಬಿದ್ದಿದೆ, ಸುತ್ತ ಹಳದಿಯಾಗಿ ಉದುರುತ್ತಿವೆ. ಏನು ಮಾಡಲಿ?

ದೊಡ್ಡವಳು


ಜೂನ್ 22

ರೋಗದ ಎಲೆಗಳನ್ನೆಲ್ಲ ಆರಿಸಿ ಸುಡು. ನೀರು ಬುಡಕ್ಕೆ ಮಾತ್ರ ಹಾಕು, ಎಲೆಗೆ ಬೇಡ. ಗಿಡಕ್ಕೆ ಗಾಳಿಯಾಡಲಿ. ಹೆದರಬೇಡ, ಸಾಯುವುದಿಲ್ಲ.

ಉಳಿದದ್ದಕ್ಕೆ ಬರೆಯುತ್ತೇನೆ. ಸ್ವಲ್ಪ ಸಮಯ ಕೊಡು.

ಅಪ್ಪ


ಆಗಸ್ಟ್ 19

ದೊಡ್ಡವಳಿಗೆ,

ಮೂರು ತಿಂಗಳು ಈ ಕಾಗದವನ್ನು ತಲೆಯಲ್ಲೇ ಬರೆದೆ, ತಲೆಯಲ್ಲೇ ಹರಿದೆ. ಮೊದಲು ಸಿಟ್ಟು ಬಂದಿತ್ತು. ಕೆಲಸ ಕಲಿಸಲು ಹೋದರೆ ನನ್ನ ಕೊರಳಿಗೇ ಬಂತಲ್ಲ ಎಂದು. ಸಿಟ್ಟು ಇಳಿದ ಮೇಲೆ ಉಳಿದದ್ದು ಬರೀ ನಾಚಿಕೆ. ಅದನ್ನು ಹೇಗೆ ಬರೆಯುತ್ತಾರೋ ನನಗೆ ಗೊತ್ತಿರಲಿಲ್ಲ.

ಜುಲೈ ನಡುವಿಗೆ ಮೊಗ್ಗು ಬಂದವು. ಇಪ್ಪತ್ತೊಂದು ಗಿಡಗಳನ್ನು ಚಿವುಟಿ, ಗೋಡೆಯ ಪಕ್ಕದ್ದಕ್ಕೆ ಬಂದೆ. ನಡುವಿನ ಮೊಗ್ಗಿಗೆ ಉಗುರು ಇಟ್ಟೆ. ಒತ್ತಲು ಆಗಲಿಲ್ಲ. ನೋಡಿಯೇ ಬಿಡೋಣ, ನನ್ನ ಮಗಳು ಏನು ಕಂಡಳೋ ನಾನೂ ಕಾಣೋಣ ಎಂದು ಬಿಟ್ಟೆ. ಒಂದು ಸ್ಟೂಲು ತಂದು ಹಾಕಿಕೊಂಡೆ.

ದೊಡ್ಡವಳೇ, ನಾನು ನಲವತ್ತು ವರ್ಷ ಈ ಕೆಲಸ ಮಾಡಿದವನು. ನನ್ನ ಕೈಯಾರೆ ಬೆಳೆದ ಗಿಡದಲ್ಲಿ ನಡುವಿನ ಹೂವನ್ನು ನಾನು ಯಾವತ್ತೂ ನೋಡಿರಲಿಲ್ಲ. ಒಂದನ್ನೂ! ಬೇರೆಯವರ ತೋಟದಲ್ಲಿ ಕಂಡದ್ದು ತಪ್ಪು ಹುಡುಕುವ ಕಣ್ಣಿಗೆ. ಈಗ ಕೂತು ನೋಡಿದೆ. ಅದು ಉಳಿದವುಗಳಿಗಿಂತ ಎಷ್ಟು ದೊಡ್ಡದು ಗೊತ್ತಾ? ಎಸಳು ಲೆಕ್ಕ ಹಾಕಿದೆ, ಇಪ್ಪತ್ತೆಂಟು. ಪಕ್ಕದವಕ್ಕೆ ಇಪ್ಪತ್ತು. ಯಾರೂ ಜೊತೆಗಿಲ್ಲದೆ ಮೊದಲನೆಯದಾಗಿ ತೆರೆಯುವುದಕ್ಕೆ ಅದಕ್ಕೆಷ್ಟು ಧೈರ್ಯ ಬೇಕು! ಒಂಬತ್ತನೇ ದಿನ ಅದು ಕೆಂಪಾಗಿತ್ತು, ಹತ್ತಿರದ ಎರಡು ಗುಲಾಬಿ ಬಣ್ಣಕ್ಕೆ ತಿರುಗಿದ್ದವು, ಅಂಚಿನವು ಹಳದಿ. ತೇಪೆ ಎಂದು ಬರೆದಿದ್ದೆನಲ್ಲ ನಿನಗೆ. ನನ್ನ ಬಾಯಿಗೆ ಮಣ್ಣು ಹಾಕಬೇಕು. ಒಂದೇ ತೊಟ್ಟಿನ ಮೇಲೆ ಒಂದು ಮನೆಯೇ ಇತ್ತು. ದೊಡ್ಡದು ನಡುವೆ ನಿಂತು ಎಲ್ಲವನ್ನೂ ಹಿಡಿದುಕೊಂಡ ಹಾಗೆ ಇತ್ತು. ನಾನು ಸ್ಟೂಲಿನಲ್ಲಿ ಕೂತು ಅತ್ತೆ. ಚಿಕ್ಕವನು ಬಂದು "ಕಣ್ಣಿಗೇನಾಯ್ತು?" ಎಂದ. ಗಿಡದ ಹೇನಿಗೆ ಔಷಧಿ ಹೊಡೆದೆ, ಕಣ್ಣಿಗೆ ಎಗರಿತು ಎಂದೆ.

ಈಗ ಎರಡು ಮಾತು ಒಪ್ಪಿಕೊಳ್ಳಬೇಕು.

ಎರಡು ವರ್ಷ ಎಂದಿದ್ದೆ. ಎರಡು ವರ್ಷ ಮುಗಿದ ದಿನ ನನಗೆ ನೆನಪಿತ್ತು. ಬೆಳಿಗ್ಗೆಯಿಂದ ನೆನಪಿತ್ತು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ನೀನು ಕೇಳದಿದ್ದುದು ನನಗೆ ಅನುಕೂಲವಾಗಿತ್ತು.

ಇನ್ನೊಂದು. ನೀನು ಹೊರಟ ಮಾರನೇ ದಿನ ನಿನ್ನ ಗಣಿತದ ಮೇಷ್ಟ್ರು ಪಾರ್ಕಿಗೆ ಬಂದಿದ್ದರು. ಸೈಕಲ್ ನಿಲ್ಲಿಸಿ, ನಾನು ಸವರುತ್ತಿದ್ದ ಪಾತಿಯ ಪಕ್ಕದಲ್ಲೇ ನಿಂತು, "ಇಂಥ ತಲೆ ಹತ್ತು ವರ್ಷಕ್ಕೆ ಒಂದು ಬರುತ್ತೆ. ಆರು ವಾರ ಕಳಿಸಿ, ಪರೀಕ್ಷೆ ಬರೀಲಿ, ಆಮೇಲೆ ನಿಮ್ಮಿಷ್ಟ" ಎಂದರು. ನಾನು ಕತ್ತರಿ ನಿಲ್ಲಿಸಲಿಲ್ಲ. ಅವರು ಮತ್ತೂ ಒಂದು ವಾರ ದಿನಾ ಬಂದರು. ಇದನ್ನು ನಿನಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಚಿವುಟಿದ ಜಾಗದಲ್ಲಿ ಏನಿತ್ತೆಂದು ನನಗೆ ನೆನಪಿಲ್ಲ ಎಂದು ಬರೆದೆ. ನೆನಪಿತ್ತು ಮಗಳೇ. ನಾಲ್ಕು ಜನರ ಎದುರು ಅದನ್ನು ಹೇಳುವ ಮುಖ ನನಗಿರಲಿಲ್ಲ.

ನಿನ್ನ ಅಪ್ಪ


ಆಗಸ್ಟ್ 28

ಅಪ್ಪನಿಗೆ,

ಮೇಷ್ಟ್ರು ಬಂದಿದ್ದರಾ?

ಕಾಗದವನ್ನು ಮಧ್ಯಾಹ್ನದ ಬಿಡುವಿನಲ್ಲಿ, ಒಗೆದ ಚಾದರಗಳ ಗಾಡಿಯ ಮೇಲೆ ಕೂತು ಓದಿದೆ. ಆ ಸಾಲಿಗೆ ಬಂದು ಓದು ನಿಂತುಹೋಯಿತು. ಗಂಟೆ ಹೊಡೆಯಿತು, ಎದ್ದು ಹೋಗಲಿಲ್ಲ. ಇಪ್ಪತ್ನಾಲ್ಕು ವರ್ಷ ನಾನು ಏನೆಂದುಕೊಂಡಿದ್ದೆ ಗೊತ್ತಾ? ನನ್ನ ಬೆಂಚಿನಲ್ಲಿ ಮಾರನೇ ದಿನ ಇನ್ನೊಬ್ಬಳು ಕೂತಿರುತ್ತಾಳೆ, ಹಾಜರಿ ಕರೆಯುವಾಗ ನನ್ನ ಹೆಸರು ಹಾರಿಸಿ ಮುಂದಕ್ಕೆ ಹೋಗಿರುತ್ತಾರೆ, ಅಷ್ಟಕ್ಕೆ ಮುಗಿದಿರುತ್ತದೆ ಎಂದು. ಒಬ್ಬರು ಸೈಕಲ್ ತುಳಿದುಕೊಂಡು ಬಂದಿದ್ದರು. ಒಂದು ವಾರ ಬಂದಿದ್ದರು! ಅವರು ನಿಂತಿದ್ದ ಪಾತಿ ಯಾವುದು ಅಪ್ಪ? ಮಾಧ್ಯಮಿಕ ಶಾಲೆಯ ಕಡೆಯದೋ, ಕಾರಂಜಿಯ ಕಡೆಯದೋ?

ನಿಮ್ಮ ಮೇಲೆ ಕೋಪವಿದೆ. ಅದು ಹೋಗಲು ಸಮಯ ಬೇಕು, ಕಲೆ ಹಳೆಯದಾದಷ್ಟೂ ಹೆಚ್ಚು ನೆನೆಸಬೇಕು. ಆದರೆ ನೀವು ಬರೆದಿರಿ. ಮುಚ್ಚಿಟ್ಟಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ಒಂದು ಕೇಳುತ್ತೇನೆ. ಗೋಡೆಯ ಪಕ್ಕದ ಗಿಡಕ್ಕೆ ಮುಂದಿನ ಸಲ ಮೊಗ್ಗು ಬಂದಾಗ, ನಡುವಿನದನ್ನು ಬಿಡಿ. ಅದು ಬಣ್ಣ ತೋರಿಸಿದ ದಿನ ನನಗೆ ಬರೆಯಿರಿ. ತಮ್ಮನ ಕೈಯಲ್ಲಿ ಫೋನು ಮಾಡಿಸಬೇಡಿ, ನೀವೇ ಬರೆಯಿರಿ. ಅದು ಹಳದಿಯಾಗಿ ಅರಳುವುದನ್ನು ನಿಮ್ಮ ಮನೆಯಲ್ಲಿ ನಿಂತು ನೋಡಬೇಕು ಅನಿಸುತ್ತಿದೆ. ಒಂದು ದಿನದ ರಜೆ ಸಿಗುತ್ತದೆ.

ದೊಡ್ಡವಳು


ಸೆಪ್ಟೆಂಬರ್ 30

ದೊಡ್ಡವಳಿಗೆ,

ಇವತ್ತು ಬೆಳಿಗ್ಗೆ ಬಣ್ಣ ತೋರಿಸಿದೆ. ಹಸಿರು ಸೀಳಿನ ಒಳಗೆ ಹಳದಿಯ ಒಂದು ಗೆರೆ. ಹೊರಡು.

ಈ ಕಾಗದ ನಿನಗೆ ತಲುಪಲು ನಾಲ್ಕು ದಿನ. ರೈಲಿಗೆ ಒಂದು ದಿನ. ಬಿಸಿಲು ಹೀಗೇ ಇದ್ದರೆ ಹೂವು ನಾಲ್ಕನೇ ದಿನಕ್ಕೇ ಅರಳಿಬಿಡುತ್ತದೆ, ಆರನೇ ದಿನಕ್ಕೆ ಗುಲಾಬಿಯಾಗುತ್ತದೆ. ಲೆಕ್ಕ ನಿನಗೇ ಚೆನ್ನಾಗಿ ಬರುತ್ತದೆ. ತಡ ಮಾಡಬೇಡ.

ತಿಂಗಳ ಮೊದಲಿಗೆ ನಡೆದ ಪ್ರದರ್ಶನದ ಸುದ್ದಿ ಚುಟುಕಾಗಿ ಹೇಳುತ್ತೇನೆ. ಹೋದ ಸಲದ್ದರಲ್ಲಿ ತಡವಾಗಿ ಅರಳಿದ, ನಡುವಿನ ಹೂವು ಇರುವ ಗೊಂಚಲನ್ನೇ ಇಟ್ಟೆ. ತೀರ್ಪುಗಾರರು ನನ್ನನ್ನು ಬಲ್ಲವರು, ಪಕ್ಕಕ್ಕೆ ಕರೆದು, "ಏನ್ ಯಜಮಾನ್ರೇ, ಈ ಸಲ ಚಿವುಟೋದು ಮರೆತ್ರಾ?" ಎಂದರು. "ಮರೆತಿಲ್ಲ. ನನ್ನ ಮೊದಲನೇ ಮಗಳು ಹೇಳ್ಕೊಟ್ಟಿದ್ದು. ಬಣ್ಣದ ವಿಷಯ ಅವಳಿಗೆ ಗೊತ್ತಿರೋಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ. ದೊಡ್ಡ ಆಸ್ಪತ್ರೆಯ ಲಾಂಡ್ರಿ ಅವಳ ಕೈಯಲ್ಲೇ ನಡೀತದೆ" ಎಂದೆ. ಕಿವಿ ಕೇಳದವನ ಗಂಟಲು ನಿನಗೆ ಗೊತ್ತಲ್ಲ, ಇಡೀ ಡೇರೆಗೆ ಕೇಳಿಸಿತಂತೆ. ಕಪ್ ಬರಲಿಲ್ಲ. ಮೂರನೆಯ ಬಹುಮಾನವೂ ಬರಲಿಲ್ಲ. ಆದರೆ ಜನ ನನ್ನ ಮೇಜಿನ ಮುಂದೆಯೇ ನಿಂತಿದ್ದರು, ಬೇರೆಡೆಗೆ ಹೋಗಲೇ ಇಲ್ಲ.

ಮೇಷ್ಟ್ರು ನಿಂತದ್ದು ಕಾರಂಜಿಯ ಕಡೆಯ ಪಾತಿ. ಬಂದಾಗ ತೋರಿಸುತ್ತೇನೆ.

ಅಂಚೆ ಹೊರಡುವ ಹೊತ್ತಾಯಿತು, ನಾನೇ ಹೋಗಿ ಹಾಕುತ್ತೇನೆ.

ನಿನ್ನ ಅಪ್ಪ


ಅಕ್ಟೋಬರ್ 12

ಅಪ್ಪನಿಗೆ,

ಒಂದು ದಿನಕ್ಕೆಂದು ಬಂದವಳು ನಾಲ್ಕು ದಿನ ಇದ್ದು ಹೊರಟೆ, ಆದರೂ ಒಂದು ಮಾತು ನಿಮಗೆ ಹೇಳಲಿಲ್ಲ. ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಕಾಗದವೇ ನಮಗೆ ಒಗ್ಗಿಹೋಗಿದೆ.

ಗೇಟು ತೆಗೆದದ್ದು ನಿಮಗೆ ಕೇಳಿಸಲಿಲ್ಲ. ಆರನೇ ದಿನ, ಬೆಳಿಗ್ಗೆ ಹತ್ತು ಗಂಟೆ. ಹೂವು ಗುಲಾಬಿಗೆ ತಿರುಗಿರುತ್ತದೆ, ತಡವಾಯಿತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೇ ಬಂದಿದ್ದೆ. ಮನೆಯ ಪಕ್ಕದಿಂದ ಹಿತ್ತಿಲಿಗೆ ಬಂದೆ. ನೀವು ನನಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತಿದ್ದಿರಿ. ಬಿಸಿಲು ನಿಮ್ಮ ತಲೆಯ ಮೇಲೆ ಸುಡುತ್ತಿತ್ತು. ಕೈಯಲ್ಲಿ ಕಪ್ಪು ಕೊಡೆ. ಅದನ್ನು ನೀವು ಹಿಡಿದದ್ದು ಗಿಡಕ್ಕೆ.

ಹೂವು ಹಳದಿಯಾಗಿಯೇ ಇತ್ತು. ಬಿಸಿಲು ತಾಗದಿದ್ದರೆ ಬಣ್ಣ ಏರುವುದಿಲ್ಲ ಎಂದು ನಿಮಗೆ ಹೊಳೆದದ್ದು ಯಾವಾಗ? ಮೂರು ದಿನದಿಂದ ಬಿಸಿಲಿರುವಷ್ಟು ಹೊತ್ತೂ ಹೀಗೇ ಕೂತಿದ್ದಾರೆ, ನಾವು ಹಿಡೀತೀವಿ ಅಂದರೂ ಕೊಡೋದಿಲ್ಲ ಎಂದು ತಮ್ಮ ಆಮೇಲೆ ಹೇಳಿದ. ಆಗ ನನಗೆ ಅದ್ಯಾವುದೂ ಗೊತ್ತಿರಲಿಲ್ಲ. ನಾನು ಚೀಲ ಕೆಳಗಿಟ್ಟು ಅಲ್ಲೇ ನಿಂತೆ. ನೀವು ಹೂವಿನ ಜೊತೆ ಮಾತಾಡುತ್ತಿದ್ದಿರಿ. ಮೆಲ್ಲಗೆ ಆಡುತ್ತಿದ್ದೇನೆ ಎಂದು ನಿಮ್ಮ ಭಾವನೆ. ನಿಮಗೆ ಮೆಲ್ಲಗೆ ಎಂದರೆ ಬೀದಿಯ ಕೊನೆಗೆ ಕೇಳಿಸುತ್ತದೆ.

"ತಡ್ಕೋ ತಾಯಿ, ಇನ್ನೊಂಚೂರು ತಡ್ಕೋ. ಅವಳು ಬರ್ತಾ ಇದ್ದಾಳೆ. ನಾನೇ ಅವಳನ್ನ ಇಷ್ಟು ವರ್ಷ ಕಾಯಿಸ್ದೆ, ನೀನು ಒಂದಿನ ಕಾಯೋಕಾಗಲ್ವಾ?"

ಆಮೇಲೆ ಕೊಡೆಯ ಹಿಡಿಯ ಮೇಲಿದ್ದ ನಿಮ್ಮ ಬಲಗೈ ನೋಡಿದೆ. ಹೆಬ್ಬೆರಳಿನ ಉಗುರು ಇರಲಿಲ್ಲ. ಉಳಿದ ಬೆರಳುಗಳ ಹಾಗೆಯೇ ಸಣ್ಣಗೆ ಕತ್ತರಿಸಿಕೊಂಡಿದ್ದಿರಿ. ನಾನು ಹುಟ್ಟಿದಂದಿನಿಂದ ಆ ಬೆರಳನ್ನು ಹಾಗೆ ನೋಡಿರಲಿಲ್ಲ. ಅಲ್ಲಿಗೆ ನನ್ನ ಕೋಪ ಪೂರ್ತಿ ಹೋಯಿತು ಎಂದು ಹೇಳುವುದಿಲ್ಲ. ಆದರೆ ಕಾಲು ತಾನಾಗಿಯೇ ಮುಂದೆ ಬಂತು, ನಿಮ್ಮ ಹೆಗಲು ಮುಟ್ಟಿದೆ.

ಉಳಿದದ್ದು ನಿಮಗೆ ಗೊತ್ತು. ನೀವು ತಿರುಗಿ ನೋಡಿದಿರಿ, ಕೊಡೆ ಮಡಚಿದಿರಿ. ಬಿಸಿಲು ಹೂವಿನ ಮೇಲೆ ಬಿತ್ತು. ನಾಲ್ಕು ದಿನ ಇಬ್ಬರೂ ಪಕ್ಕಪಕ್ಕ ಕೂತು ಅದು ಕೆಂಪಾಗುವುದನ್ನು ನೋಡಿದೆವು. ಜೀವಮಾನದಲ್ಲಿ ನಾವಿಬ್ಬರೂ ಕೆಲಸವಿಲ್ಲದೆ ಒಟ್ಟಿಗೆ ಕೂತದ್ದು ಅದೇ ಮೊದಲು ಇರಬೇಕು.

ನಿನ್ನೆ ಇಲ್ಲಿಗೆ ಬಂದು ನೋಡಿದರೆ ನನ್ನ ಗಿಡದಲ್ಲಿ ಐದು ಗೊಂಚಲು. ನಡುವಿನವು ಮೆಣಸಿನ ಕಾಳಿನಷ್ಟಿವೆ. ಎರಡು ವಾರದಲ್ಲಿ ಬಣ್ಣ ತೋರಿಸುತ್ತವೆ, ಆ ದಿನವೇ ಬರೆಯುತ್ತೇನೆ. ನಾಲ್ಕು ದಿನ ಅಂಚೆಗೆ, ಒಂದು ದಿನ ರೈಲಿಗೆ. ನೀವು ಬರುವ ತನಕ ಹೂವು ಹಳದಿಯಾಗಿಯೇ ಇರುತ್ತದೆ. ಕೊಡೆ ನನ್ನ ಹತ್ತಿರವೂ ಇದೆ.

ದೊಡ್ಡವಳು